ಕಾಂತಿಯಕ್ಕನ ಚೀಟಿಯಲ್ಲಿ ಎರಡು ಅಂಕಿ

ಬಿ.ಸಿ.ರೋಡಿನಲ್ಲಿ ಮೊದಲ ಬಸ್ಸಿನ ಕಂಡಕ್ಟರ್ ಇನ್ನೂ ಚಹಾ ಊದಿ ಊದಿ ಕುಡಿಯುತ್ತಿರುವ ಹೊತ್ತು. ಎದುರಿನ ಕಟ್ಟಡದ ಮೊದಲ ಮಾಳಿಗೆಯಲ್ಲಿ ಒಂದೇ ಒಂದು ಕಿಟಕಿಗೆ ಬೆಳಕು ಬಂದಿದೆ. ಒಳಗೆ ಕಾಂತಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ನಿಂತಿದ್ದಾರೆ. ಗೋಡೆಯಲ್ಲಿರುವ ವೋಲ್ಟ್ ಮೀಟರಿನ ಮುಳ್ಳು ಇನ್ನೂರ ಇಪ್ಪತ್ತರಲ್ಲಿ ಅಲುಗಾಡದೆ ನಿಂತಿದೆ. ಅದನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಸಮಾಧಾನವಾದ ಮೇಲೆ ಅವರು ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಒಂದು ತಾವರೆ ಅರಳುತ್ತದೆ, ಸಾವಿರಾರು ಎಸಳು ಉದುರುತ್ತವೆ, ಎಸಳುಗಳ ನಡುವಿನಿಂದ ಯಾರೋ ಮದುಮಕ್ಕಳು ನಗುತ್ತಾ ಹಾರಿ ಬರುತ್ತಾರೆ. ಕಾಂತಿಯಕ್ಕ ಮದುಮಕ್ಕಳನ್ನು ನೋಡುವುದಿಲ್ಲ. ಅವರ ಕಣ್ಣು ಮೂಲೆಯಲ್ಲಿ ಓಡುವ ಅಂಕಿಯ ಮೇಲೆ.

ಅವರು ಪರೀಕ್ಷಿಸುತ್ತಿರುವುದು ಗ್ರಾಫಿಕ್ಸ್ ಕಾರ್ಡನ್ನು. ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸಿಕೊಡುವುದೇ ಕೆಲಸವಾಗಿರುವ, ಅಂಗೈಗಿಂತ ಸ್ವಲ್ಪ ದೊಡ್ಡ ಹಲಗೆ ಅದು. ಒಳ್ಳೆಯ ಕಾರ್ಡು ಸೆಕೆಂಡಿಗೆ ನಲವತ್ತು ಚಿತ್ರ ಬಿಡಿಸಿದರೆ ತಾವರೆ ಬೆಣ್ಣೆಯ ಹಾಗೆ ಅರಳುತ್ತದೆ. ಹತ್ತೇ ಬಿಡಿಸಿದರೆ ಎಸಳುಗಳು ಬಿಕ್ಕಳಿಸುತ್ತಾ ಬೀಳುತ್ತವೆ. ಎರಡು ಕಾರ್ಡು ಕೊಟ್ಟು "ಯಾವುದು ಒಳ್ಳೆಯದು?" ಎಂದು ಕೇಳಿದರೆ, ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಓಡಿಸಿ, ಶಾಲೆಯ ನೋಟು ಪುಸ್ತಕದ ಅರ್ಧ ಹಾಳೆಯಲ್ಲಿ ಅಂಕಿ ಬರೆದು ಕೊಡುವುದು ಕಾಂತಿಯಕ್ಕನ ಉದ್ಯೋಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೈಬರ್ ಕೆಫೆಯವರು, ಮದುವೆ ವೀಡಿಯೋ ಮಾಡುವವರು, ಗಲ್ಫಿನಿಂದ ಬರುವಾಗ ಸೂಟ್‌ಕೇಸಿನ ಬಟ್ಟೆಗಳ ನಡುವೆ ಕಾರ್ಡು ಅಡಗಿಸಿ ತರುವವರು, ಎಲ್ಲರೂ ಕೇಳುವುದು ಇದೊಂದನ್ನೇ: "ಕಾಂತಿಯಕ್ಕನ ಚೀಟಿ ಉಂಟಾ?"

ಇಷ್ಟು ಬೆಳಿಗ್ಗೆ ಯಾಕೆ ಎಂದರೆ ಅವರು ಕೆಳಗಿನ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಅದು ಕೂಸಪ್ಪನವರ ವೆಲ್ಡಿಂಗ್ ಶಾಪು. "ಕೂಸಪ್ಪಣ್ಣ ಏಳೂವರೆಗೆ ಗೇಟು ಬೆಸೆಯಲಿಕ್ಕೆ ಶುರು ಮಾಡ್ತಾರೆ. ಮತ್ತೆ ಪರೀಕ್ಷೆ ಎಲ್ಲಿಯದ್ದು? ಕರೆಂಟು ಏರಿಳಿದು ಸ್ಕ್ರೀನು ಕಣ್ಣು ಹೊಡೀತದೆ. ಬೇಡ ಅಂತ ಹೇಳಲಿಕ್ಕೆ ಆಗ್ತದಾ? ಅವರಿಗೂ ಹೊಟ್ಟೆಪಾಡು. ಹಾಗೆ ನಾನೇ ಅವರಿಗಿಂತ ಮೊದಲು ಬರ್ತೇನೆ."

ಕಾಂತಿಯಕ್ಕನಿಗೆ ಈಗ ಮೂವತ್ತಾರು. ಮನೆ ಪಾಣೆಮಂಗಳೂರಿನಲ್ಲಿ. ನೇತ್ರಾವತಿಯ ಸೇತುವೆ ದಾಟಿ ನಡೆದೇ ಬರುತ್ತಾರೆ. ಅಮ್ಮ ಬೀಡಿ ಕಟ್ಟುತ್ತಿದ್ದರು, ಮಗಳೂ ಹತ್ತನೇ ವಯಸ್ಸಿನಿಂದ ಕಟ್ಟಿದವರೇ. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರ್ ಕಟ್ಟಿನ ಮೇಲಿನ ಚಂದಕ್ಕೆ ಮರುಳಾಗದೆ, ಕಟ್ಟು ಬಿಡಿಸಿ ನಡುವಿನ ಬೀಡಿಯನ್ನೇ ಎಳೆದು ನೋಡುತ್ತಿದ್ದನಂತೆ. "ಅವನನ್ನು ಆಗ ನಾವು ಬೈದದ್ದಕ್ಕೆ ಲೆಕ್ಕ ಇಲ್ಲ. ಈಗ ನಾನೂ ಅದೇ ಮಾಡುವುದು" ಎಂದು ನಗುತ್ತಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ರೇಡಿಯೋ ಟೀವಿ ರಿಪೇರಿ ಕಲಿಯಲು ಐ.ಟಿ.ಐ. ಸೇರಿದರು. ತರಗತಿಯಲ್ಲಿ ಒಬ್ಬಳೇ ಹುಡುಗಿ. ಮೊದಲ ದಿನ ಗುರುಗಳು ಇವರನ್ನು ನೋಡಿ "ಟೈಲರಿಂಗ್ ಆ ಕಡೆ" ಎಂದು ಬಾಗಿಲು ತೋರಿಸಿದರು. ಇವರು ಆ ಕಡೆ ಹೋಗಲಿಲ್ಲ. ಹತ್ತು ವರ್ಷ ಮನೆಮನೆಗೆ ಹೋಗಿ ಟೀವಿ ರಿಪೇರಿ ಮಾಡಿದರು. ಗಂಡಸರಿಲ್ಲದ ಹೊತ್ತಿನಲ್ಲೂ ಒಳಗೆ ಕರೆಯಬಹುದಾದ ಮೆಕ್ಯಾನಿಕ್ ಸುತ್ತಲಿನ ಹಳ್ಳಿಗಳಲ್ಲಿ ಇವರೊಬ್ಬರೇ ಆದ್ದರಿಂದ ಕೆಲಸಕ್ಕೆ ಬರವಿರಲಿಲ್ಲ. ನೆಮ್ಮದಿಗೆ ಬರವಿತ್ತು. ಎಲ್ಲರಿಗೂ ಸಂಜೆಯ ಧಾರಾವಾಹಿಗೆ ಮೊದಲೇ ಟೀವಿ ಸರಿಯಾಗಬೇಕು.

ಸೌದಿಯ ದಮಾಮಿನಿಂದ ಮರಳಿದ ನಿಝಾರ್ ಬಿ.ಸಿ.ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ತೆರೆದದ್ದು ತೊಂಬತ್ತೊಂಬತ್ತರಲ್ಲಿ. ಮಾನಿಟರ್ ಎಂದರೂ ಒಂದು ಬಗೆಯ ಟೀವಿಯೇ ತಾನೇ ಎಂಬ ತರ್ಕದಿಂದ ಅವರು ಕಾಂತಿಯಕ್ಕನನ್ನು ಕೆಲಸಕ್ಕೆ ಕರೆದರು. ಮಾನಿಟರಿನಿಂದ ಶುರುವಾದ ಕೈ ಒಂದೇ ವರ್ಷದಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಹೋಯಿತು. ಇಂದಿಗೂ ಹೊಸ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು, ಇವರನ್ನು ದಾಟಿ ಹೋಗಿ, ನಿಝಾರರ ಮುಂದೆ ಕಂಪ್ಯೂಟರಿನ ಕಾಯಿಲೆಯನ್ನೆಲ್ಲ ಹೇಳಿಕೊಳ್ಳುತ್ತಾರೆ. ನಿಝಾರ್ ಗಂಭೀರವಾಗಿ ಕೇಳಿ, ಗಂಭೀರವಾಗಿ ತಲೆಯಾಡಿಸಿ, ಕೊನೆಗೆ "ಇದನ್ನೆಲ್ಲ ಇನ್ನೊಮ್ಮೆ ಕಾಂತಿಯಕ್ಕನಿಗೆ ಹೇಳಿ, ನನಗೆ ಗೊತ್ತಾಗುವುದಿಲ್ಲ" ಎನ್ನುತ್ತಾರೆ.

ಲೆಕ್ಕ ಕೇಳಿದರೆ ಕಾಂತಿಯಕ್ಕ ಬೆರಳು ಮಡಚಿ ಹೇಳುತ್ತಾರೆ. ಒಂದು ಕಾರ್ಡಿಗೆ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಎರಡು ಗಂಟೆ. ವಾರಕ್ಕೆ ಮೂರು ಕಾರ್ಡು, ಹೆಚ್ಚೆಂದರೆ ನಾಲ್ಕು. ನಾಲ್ಕೂವರೆ ವರ್ಷದಲ್ಲಿ ಆರು ನೂರರ ಮೇಲೆ. ಈ ಮಧ್ಯಾಹ್ನದ ಎರಡು ಗಂಟೆ ಮೊದಲು ಇರಲಿಲ್ಲ. ಅದು ಕಳೆದ ವರ್ಷದ ಮೇ ತಿಂಗಳಿನಲ್ಲಿ ಸೇರಿಕೊಂಡದ್ದು. ಸೇರಿಸಿದವರು ಮೂಡುಬಿದಿರೆಯ ಸ್ಟುಡಿಯೋ ಮಾಲೀಕ ರುಕ್ಮಯ್ಯನವರು. ಹಾಗೆಂದು ಅವರಿಗೆ ಹೇಳಿದರೆ ಅವರು ಒಪ್ಪುವುದಿಲ್ಲ ಬಿಡಿ.

ರುಕ್ಮಯ್ಯನವರು ಮೂವತ್ತು ವರ್ಷದಿಂದ ಮದುವೆ ಫೋಟೋ ತೆಗೆದವರು. ಕಾಲ ಬದಲಾಯಿತೆಂದು ವೀಡಿಯೋಕ್ಕೆ ಇಳಿದರು, ಕಂಪ್ಯೂಟರ್ ತಂದರು. ಮಾರ್ಚಿನಲ್ಲಿ ಎರಡು ಕಾರ್ಡು ಹಿಡಿದು ಬಿ.ಸಿ.ರೋಡಿಗೆ ಬಂದರು. ಒಂದು ಕೆಂಪು ಹಲಗೆಯದ್ದು, ಕಡಲೆ ಬೀಜದಷ್ಟು ಸಣ್ಣ ಫ್ಯಾನು ಅದಕ್ಕೆ, ತಿರುಗಿದರೆ ಜೀರುಂಡೆಯ ಸ್ವರ. ಇನ್ನೊಂದು ಹಸಿರು ಹಲಗೆಯದ್ದು, ಫ್ಯಾನೇ ಇಲ್ಲ, ಬೆನ್ನ ಮೇಲೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಹೊತ್ತುಕೊಂಡು ಮಂಕಾಗಿ ಕೂತಿತ್ತು. ಕಾಂತಿಯಕ್ಕ ಎರಡನ್ನೂ ಬೆಳಿಗ್ಗೆ ಆರಕ್ಕೆ ಓಡಿಸಿದರು. ಕೆಂಪಿಗೆ ನಲವತ್ತೊಂದು ಬಂತು, ಹಸಿರಿಗೆ ಇಪ್ಪತ್ತೊಂಬತ್ತು. ಚೀಟಿಯಲ್ಲಿ "ಕೆಂಪು ಒಳ್ಳೆಯದು" ಎಂದು ಬರೆದು ಕೆಳಗೆ ಸಹಿ ಹಾಕಿದರು. ರುಕ್ಮಯ್ಯನವರು ಕೆಂಪು ಕಾರ್ಡನ್ನು ಸ್ಟುಡಿಯೋಕ್ಕೆ ಒಯ್ದರು, ಹಸಿರನ್ನು ನಿಝಾರರಿಗೇ ಬಿಟ್ಟು ಹೋದರು.

ಮೇ ತಿಂಗಳ ಒಂದು ಶುಕ್ರವಾರ ಅವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಹೆಗಲ ಮೇಲೆ ಹೊದಿಕೆಯಲ್ಲಿ ಸುತ್ತಿದ ಇಡೀ ಕಂಪ್ಯೂಟರೇ ಇತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಅಂಗಡಿ ತುಂಬ ಗಿರಾಕಿಗಳು. ಅಷ್ಟೂ ಜನರ ಎದುರಿಗೆ ಅವರು ಬೊಬ್ಬೆ ಹೊಡೆದರು.

"ನಿನ್ನ ಚೀಟಿ ಸುಳ್ಳು ಮಾರಾಯ್ತಿ! ಮದುಮಗಳಿಗೆ ಮೀಸೆ ಬರ್ತದೆ!"

ಸಂಗತಿ ಏನೆಂದರೆ, ಅಶ್ವಿತ್ ಎಂಬ ಹುಡುಗನ ಮದುವೆಯ ಸಿ.ಡಿ. ತಯಾರಾಗಬೇಕಿತ್ತು. ಹುಡುಗ ಮಸ್ಕತ್ತಿನಲ್ಲಿ ಕೆಲಸ ಮಾಡುವವನು, ರಜೆ ಮುಗಿಸಿ ಸೋಮವಾರ ವಿಮಾನ ಹತ್ತುವವನು. ಹೆಂಡತಿಯ ವೀಸಾ ಆಗಲು ಇನ್ನೂ ಆರು ತಿಂಗಳು. ಅಲ್ಲಿಯವರೆಗೆ ಅವನ ಪಾಲಿಗೆ ಹೆಂಡತಿ ಎಂದರೆ ಆ ಸಿ.ಡಿ.ಯೇ. ರುಕ್ಮಯ್ಯನವರು ತಾವರೆ ಅರಳಿಸಿದಾಗಲೆಲ್ಲ ಇಪ್ಪತ್ತು ನಿಮಿಷ ಚಂದವಾಗಿ ನಡೆದು, ಆಮೇಲೆ ಮದುಮಗಳು ಜ್ಯೋತ್ಸ್ನಾಳ ಮುಖದ ಮೇಲೆ ಅಡ್ಡಕ್ಕೆ ನೇರಳೆ ಗೆರೆ ಮೂಡುತ್ತಿತ್ತು. ಮೂಗಿನ ಕೆಳಗೇ. ಮುಂದಿನ ಹತ್ತು ನಿಮಿಷದಲ್ಲಿ ಕಂಪ್ಯೂಟರ್ ಕಲ್ಲಾಗಿ ನಿಲ್ಲುತ್ತಿತ್ತು.

ಕಾಂತಿಯಕ್ಕ ಆ ಕಂಪ್ಯೂಟರನ್ನು ಅಲ್ಲೇ ಓಡಿಸಿ ನೋಡಿದರು. ಒಂದು ಗಂಟೆಯಾದರೂ ಮೀಸೆ ಬರಲಿಲ್ಲ. "ನೋಡಿ, ಸರಿ ಉಂಟಲ್ಲ" ಎಂದರು. ರುಕ್ಮಯ್ಯನವರು ಇನ್ನೂ ಕೆರಳಿದರು. "ಹಾಗಾದ್ರೆ ನಾನು ಸುಳ್ಳು ಹೇಳುವುದಾ? ಬಸ್ಸಿನಲ್ಲಿ ಇದನ್ನು ಹೊತ್ತುಕೊಂಡು ಬರಲಿಕ್ಕೆ ನನಗೆ ಮರುಳಾ? ಇನ್ನು ಜನ್ಮದಲ್ಲಿ ನಿನ್ನ ಚೀಟಿ ಮುಟ್ಟುವುದಿಲ್ಲ. ಮೂಡುಬಿದಿರೆಯಲ್ಲಿ ಯಾರೂ ಮುಟ್ಟದ ಹಾಗೆ ಮಾಡ್ತೇನೆ" ಎಂದು ಕಂಪ್ಯೂಟರನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಟರು.

ಅವರು ಹೇಳಿದ್ದನ್ನು ಮಾಡುವವರೇ ಎಂಬುದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೂರು ತಾಲೂಕಿನ ಮದುವೆ ಛತ್ರಗಳಲ್ಲಿ ಅವರ ಬಾಯಿ ಓಡಾಡದ ಊಟದ ಪಂಕ್ತಿ ಇಲ್ಲ. ಕಾಂತಿಯಕ್ಕನ ಬಳಿ ಡಿಗ್ರಿ ಇಲ್ಲ, ಸೀಲು ಇಲ್ಲ. ಇದ್ದದ್ದು ಆ ಅರ್ಧ ಹಾಳೆಯ ಮೇಲೆ ಜನರಿಗಿದ್ದ ನಂಬಿಕೆಯೊಂದೇ. ಅದು ಹೋದರೆ ಮತ್ತೆ ಮನೆಮನೆಯ ಟೀವಿಯ ಹಿಂದೆ ಮಂಡಿಯೂರಿ ಕೂರುವುದೇ ಗತಿ. ಆ ದಿನ ಊಟ ಸೇರಲಿಲ್ಲ ಎನ್ನುತ್ತಾರೆ ಅವರು. "ಅಳು ಬಂತಾ ಅಂತ ಕೇಳ್ಬೇಡಿ. ಬಂತು."

ಮರುದಿನ ಶನಿವಾರ. ಕಾಂತಿಯಕ್ಕ ಹಸಿರು ಕಾರ್ಡನ್ನು ಮಧ್ಯಾಹ್ನದ ಊಟದ ಡಬ್ಬಿಯಲ್ಲಿ ಹಾಕಿಕೊಂಡು, ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದರು. ಕಾಯಿಲೆ ಅಂಗಡಿಯಲ್ಲಿ ಕಾಣದಿದ್ದರೆ ಮನೆಯಲ್ಲಿ ಕಾಣಬೇಕು ಎಂಬುದು ಟೀವಿ ರಿಪೇರಿಯ ಕಾಲದಿಂದ ಬಂದ ಬುದ್ಧಿ.

ಸ್ಟುಡಿಯೋದಲ್ಲಿ ಮೇಜಿನ ಮೇಲೆ ಮಾನಿಟರ್ ಇತ್ತು, ಕೀಬೋರ್ಡ್ ಇತ್ತು. ಕಂಪ್ಯೂಟರ್ ಕಾಣಲಿಲ್ಲ. ವಯರುಗಳು ಗೋಡೆಬದಿಯ ಒಂದು ಬೀಟೆ ಮರದ ಕಪಾಟಿನ ತೂತಿನೊಳಗೆ ಹೋಗಿದ್ದವು. ಕಪಾಟಿಗೆ ಬೀಗ. ರುಕ್ಮಯ್ಯನವರು ಮುಖ ಊದಿಸಿಕೊಂಡೇ ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದರು. ಒಳಗಿನಿಂದ ಬಿಸಿ ಗಾಳಿ ಬಂದು ಕಾಂತಿಯಕ್ಕನ ಮುಖಕ್ಕೆ ಹೊಡೆಯಿತು, ಅನ್ನ ಬಸಿಯುವಾಗ ಹೊಡೆಯುವ ಹಾಗೆ. ಕಂಪ್ಯೂಟರಿಗೆ ರುಕ್ಮಯ್ಯನವರ ಹೆಂಡತಿ ಸೇಸಮ್ಮನವರು ದಾರದಲ್ಲಿ ಗುಲಾಬಿ ಹೊಲಿದ, ಸುತ್ತ ಝಾಲರಿ ಇರುವ ದಪ್ಪ ಬಟ್ಟೆಯ ಕವರು. ಅದರ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಅರುವತ್ತು ವ್ಯಾಟಿನ ಬಲ್ಬೊಂದು ಧಗಧಗ ಉರಿಯುತ್ತಿತ್ತು.

"ಇದೆಂತ ರುಕ್ಮಯ್ಯಣ್ಣ?"

"ಎಂತ ಅಂದ್ರೆ? ಬಲ್ಬು."

"ಯಾಕೆ ಇದು?"

ರುಕ್ಮಯ್ಯನವರು ಕರುಣೆಯಿಂದ ನೋಡಿದರು. "ಬೂಷ್ಟು ಹಿಡಿಯದ ಹಾಗೆ. ಮೂವತ್ತು ವರ್ಷದಿಂದ ನನ್ನ ಕ್ಯಾಮೆರಾ ಈ ಕಪಾಟಿನಲ್ಲಿ ಉಂಟು, ಈ ಬಲ್ಬಿನ ಬುಡದಲ್ಲಿ. ಒಂದು ಲೆನ್ಸಿಗೆ ಒಂದು ಚುಕ್ಕೆ ಬೂಷ್ಟು ಬಂದದ್ದಿಲ್ಲ. ಕಂಪ್ಯೂಟರು ಲೆನ್ಸಿಗಿಂತ ದೊಡ್ಡ ಸಾಮಾನು. ಅದಕ್ಕೆ ನಲವತ್ತು ವ್ಯಾಟಿನದ್ದು ತೆಗೆದು ಅರುವತ್ತು ಹಾಕಿದ್ದೇನೆ."

ಕರಾವಳಿಯ ಫೋಟೋಗ್ರಾಫರುಗಳೆಲ್ಲ ಮಳೆಗಾಲದ ತೇವಕ್ಕೆ ಹೆದರಿ ಲೆನ್ಸನ್ನು ಬಲ್ಬಿನ ಬಿಸಿಯಲ್ಲಿ ಕಾಪಾಡುವವರೇ. ಆ ಪ್ರೀತಿಯನ್ನೇ ರುಕ್ಮಯ್ಯನವರು ಕಂಪ್ಯೂಟರಿಗೂ ತೋರಿಸಿದ್ದರು. ಮೇ ತಿಂಗಳ ಸೆಕೆ, ಮುಚ್ಚಿದ ಕಪಾಟು, ಗುಲಾಬಿಯ ಕವರು, ಅದರ ಮೇಲೆ ಅರುವತ್ತು ವ್ಯಾಟು. ಕೆಂಪು ಕಾರ್ಡು ಇಪ್ಪತ್ತು ನಿಮಿಷ ತಡೆದುಕೊಂಡದ್ದೇ ಅದರ ಪುಣ್ಯ.

ಕಾಂತಿಯಕ್ಕ ಸ್ಟುಡಿಯೋದ ಫೋನಿನಿಂದಲೇ ನಿಝಾರರಿಗೆ ವಿಷಯ ಹೇಳಿದರು. ಅತ್ತ ಕಡೆಯಿಂದ ನಿಝಾರ್ ಕುಣಿದಾಡಿದ್ದು ಇತ್ತ ರುಕ್ಮಯ್ಯನವರಿಗೂ ಕೇಳಿಸಿರಬೇಕು. "ಗೆದ್ದೆವು ಅಕ್ಕ! ತಪ್ಪು ಅವರದ್ದೇ ಅಂತ ಬರೆಸಿಕೊಂಡು ಬನ್ನಿ. ಬಲ್ಬು ನಂದಿಸಿ, ಹೊರಟು ಬನ್ನಿ."

ಬಲ್ಬು ನಂದಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕಾಂತಿಯಕ್ಕ ಕೈಯನ್ನೂ ಚಾಚಿದ್ದರು. ಆಗ ಚಹಾ ತಂದ ಸೇಸಮ್ಮನವರು ಮೆಲ್ಲನೆ ಹೇಳಿದರು: "ನೀನು ಇವತ್ತು ನಂದಿಸಿ ಹೋಗ್ತಿ ಮಗಾ, ಇವರು ನಾಳೆ ಮತ್ತೆ ಹಾಕ್ತಾರೆ. ಮದುವೆಯಾಗಿ ಬಂದಂದಿನಿಂದ ನಾನು ಈ ಬಲ್ಬು ನಂದಿದ್ದು ನೋಡ್ಲಿಲ್ಲ. ಕರೆಂಟು ಹೋದ್ರೆ ಕ್ಯಾಂಡಲು ಹಚ್ಚಿಡುವ ಜನ ಇವರು."

ಆ ಮಾತು ಕಾಂತಿಯಕ್ಕನಿಗೆ ನಾಟಿತು. ಅವರ ಪರೀಕ್ಷೆ ನಡೆಯುತ್ತಿದ್ದದ್ದು ಬೆಳಗಿನ ತಂಪಿನಲ್ಲಿ, ಮುಚ್ಚಳ ತೆರೆದ ಕಂಪ್ಯೂಟರಿನಲ್ಲಿ, ಅರ್ಧ ಗಂಟೆಯಷ್ಟೇ. ಹಾಗೆ ಕಂಪ್ಯೂಟರ್ ಓಡಿಸುವ ಗಿರಾಕಿ ಮೂರು ತಾಲೂಕಿನಲ್ಲಿ ಯಾರಿದ್ದಾರೆ? "ನಾನು ಕಟ್ಟಿನ ಮೇಲಿನ ಬೀಡಿಯನ್ನೇ ನೋಡಿದ್ದು ಅಂತ ಅನಿಸಿತು. ನಾಚಿಕೆ ಆಯ್ತು. ಅವರು ಯಾವುದು ಒಳ್ಳೆಯದು ಅಂತ ಕೇಳಿದ್ರು. ಎಲ್ಲಿಗೆ ಒಳ್ಳೆಯದು ಅಂತ ನಾನು ಕೇಳ್ಲೇ ಇಲ್ಲ."

ಅವರು ಬಲ್ಬನ್ನು ಹಾಗೆಯೇ ಬಿಟ್ಟರು. ಊಟದ ಡಬ್ಬಿಯಿಂದ ಹಸಿರು ಕಾರ್ಡು ತೆಗೆದು ಹಾಕಿ, ಗುಲಾಬಿಯ ಕವರು ಹೊದಿಸಿ, "ಇನ್ನು ಬೀಗ ಹಾಕಿ" ಎಂದರು. ರುಕ್ಮಯ್ಯನವರು ಬೀಗ ಹಾಕಿದರು. ಗಂಟೆ ಹನ್ನೆರಡೂವರೆ. ಮೂವರೂ ಮಾನಿಟರಿನ ಮುಂದೆ ಸಾಲಾಗಿ ಕುಳಿತು ಜ್ಯೋತ್ಸ್ನಾಳ ಮೇಲ್ದುಟಿಯನ್ನು ನೋಡತೊಡಗಿದರು. ಅಂಕಿ ಇಪ್ಪತ್ತೊಂಬತ್ತು. ಎಸಳುಗಳು ಸ್ವಲ್ಪ ಸೋಮಾರಿಯಾಗಿ ಉದುರಿದವು; ನಿಧಾನದ ಕಾರ್ಡಿಗೆ ಬಿಸಿಯೂ ಕಡಿಮೆ. ಇಪ್ಪತ್ತು ನಿಮಿಷ ಕಳೆಯಿತು, ಮೀಸೆ ಬರಲಿಲ್ಲ. ಅಷ್ಟರಲ್ಲಿ ಅಶ್ವಿತ್ ಫೋನು ಮಾಡಿ "ಆಯ್ತಾ?" ಎಂದು ಕೇಳಿದ. "ನಿನ್ನ ಹೆಂಡತಿಯ ಮೂಗಿನ ಕೆಳಗೇ ನೋಡ್ತಾ ಇದ್ದೇವೆ" ಎಂದು ರುಕ್ಮಯ್ಯನವರು ಫೋನಿಟ್ಟರು. ಗಂಟೆ ಒಂದಾಯಿತು. ಸೇಸಮ್ಮನವರು ಪುಂಡಿ ಗಸಿ ತಂದು ಬಡಿಸಿದರು, ತಟ್ಟೆ ಹಿಡಿದುಕೊಂಡೇ ನೋಡಿದರು. ಎರಡೂವರೆಯಾಯಿತು. ಅಂಕಿ ಇಪ್ಪತ್ತೊಂಬತ್ತು. ಜ್ಯೋತ್ಸ್ನಾಳ ಮುಖ ನಿರ್ಮಲವಾಗಿತ್ತು.

"ಹಾಗಾದ್ರೆ ನಿನ್ನ ಚೀಟಿ ಸುಳ್ಳೇ ಆಯ್ತಲ್ಲ?" ಎಂದರು ರುಕ್ಮಯ್ಯನವರು. ಸಿ.ಡಿ. ಉಳಿಯಿತೆಂಬ ಸಂತೋಷಕ್ಕಿಂತ ಈ ಸಂತೋಷವೇ ಅವರಿಗೆ ದೊಡ್ಡದು.

"ಹೌದು ರುಕ್ಮಯ್ಯಣ್ಣ. ಅಂಗಡಿಯಲ್ಲಿ ಸತ್ಯ, ನಿಮ್ಮ ಕಪಾಟಿನಲ್ಲಿ ಸುಳ್ಳು" ಎಂದು ಕಾಂತಿಯಕ್ಕ ಹಳೆಯ ಚೀಟಿಯ ಮೇಲೆ ಗೀಟು ಎಳೆದು, "ತಪ್ಪಾಗಿದೆ, ಇಲ್ಲಿಗೆ ಹಸಿರು" ಎಂದು ಬರೆದು ಸಹಿ ಹಾಕಿ ಕೊಟ್ಟರು. ಭಾನುವಾರ ಸಂಜೆ ಸಿ.ಡಿ. ಅಶ್ವಿತ್‌ನ ಕೈ ಸೇರಿತು. ರುಕ್ಮಯ್ಯನವರು ಮಾತ್ರ ಆ ಗೀಟು ಎಳೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮದುವೆ ಮದುವೆಗೆ ಹೋಗಿ ತೋರಿಸಿದರು. ಬಲ್ಬಿನ ಕತೆಯನ್ನು ಅವರು ಎಲ್ಲಿಯೂ ಹೇಳಲಿಲ್ಲ.

ಕಾಂತಿಯಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದೇ ಜಾತಿಯ ಕೆಂಪು ಕಾರ್ಡಿಗೆ ತಾವು ಚೀಟಿ ಕೊಟ್ಟಿದ್ದ ಹದಿನೇಳು ಮಂದಿಗೆ ಪೋಸ್ಟ್ ಕಾರ್ಡು ಬರೆದರು: "ನನ್ನ ಪರೀಕ್ಷೆ ಅರ್ಧವೇ ಆಗಿತ್ತು. ನೀವು ಕಂಪ್ಯೂಟರನ್ನು ಎಲ್ಲಿ ಇಟ್ಟಿದ್ದೀರಿ, ದಯಮಾಡಿ ತಿಳಿಸಿ." ನಿಝಾರ್ ತಲೆಗೆ ಕೈ ಹೊತ್ತರು. "ತಪ್ಪು ನಮ್ಮದು ಅಂತ ನಾವೇ ಡಂಗುರ ಹೊಡೆಯುವುದಾ ಅಕ್ಕ? ನನಗೆ ಮಂಡೆಬಿಸಿ ಆಗ್ತದೆ." ಬಂದ ಉತ್ತರಗಳು ಈಗಲೂ ಅಂಗಡಿಯಲ್ಲಿವೆ. ಶಿರ್ತಾಡಿಯ ಒಬ್ಬರು ಕಂಪ್ಯೂಟರನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಇಟ್ಟಿದ್ದರು, ಕೆಳಗೆ ತಂಪು ಇರುತ್ತದಲ್ಲ ಎಂಬ ಧೈರ್ಯದಲ್ಲಿ. ನೆರಿಯದ ಒಬ್ಬರು ಹಲ್ಲಿ ಒಳಗೆ ಹೋಗದ ಹಾಗೆ ಬುಟ್ಟಿ ಕವುಚಿ ಹಾಕಿದ್ದರು. ಬೆಳ್ತಂಗಡಿಯ ಸೈಬರಿನವರು ಪೆಟ್ಟಿಗೆಯ ಗಾಳಿಯ ತೂತುಗಳಿಗೆಲ್ಲ ಧೂಳು ಹೋಗದಂತೆ ಅಂಟು ಪಟ್ಟಿ ಹಚ್ಚಿ, "ಈಗ ಒಂದು ಇರುವೆಯೂ ಹೋಗುವುದಿಲ್ಲ" ಎಂದು ಹೆಮ್ಮೆಯಿಂದ ಬರೆದಿದ್ದರು.

ಮಳೆಗಾಲ ಹಿಡಿಯಿತು. ನಿಝಾರ್ ಹೆದರಿದ್ದ ಹಾಗೆಯೇ ಆಯಿತು. ಜೂನಿನಲ್ಲಿ ಮೂರು ವಾರ ಒಬ್ಬರೂ ಚೀಟಿಗೆ ಬರಲಿಲ್ಲ. ನಿಝಾರ್ ಎಲ್ಲಿಂದಲೋ ಕಾರ್ಡುಗಳ ಬಗ್ಗೆ ಬಣ್ಣದ ನಕ್ಷೆಗಳಿರುವ, ಸೀಲು ಹೊಡೆದ ಅಚ್ಚಿನ ವರದಿಗಳನ್ನು ತರಿಸಿ ಗೋಡೆಗೆ ಅಂಟಿಸಿದರು. ಕಾಂತಿಯಕ್ಕ ಬಡಗಿಯನ್ನು ಕರೆಸಿದರು. ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಗೂಡು ಮಾಡಿಸಿ, ಅದರೊಳಗೆ ಕಂಪ್ಯೂಟರ್ ಕೂರಿಸಿ, ಬಾಗಿಲು ಹಾಕಿ, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಓಡಿಸಲು ಶುರುಮಾಡಿದರು. ಕೂಸಪ್ಪನವರ ವೆಲ್ಡಿಂಗ್ ನಡೆಯುತ್ತಿದ್ದರೆ ನಡೆಯಲಿ ಎಂದುಕೊಂಡರು, ಗಿರಾಕಿಗಳ ಊರಿನಲ್ಲೂ ಕರೆಂಟು ಅಷ್ಟೇ ತಾನೇ. ಅಂದಿನಿಂದ ಅವರ ಚೀಟಿಯಲ್ಲಿ ಎರಡು ಅಂಕಿ. ಮೇಲೆ ಬೆಳಗಿನದು, ಕೆಳಗೆ ಮಧ್ಯಾಹ್ನದ್ದು. ಬುಟ್ಟಿ ಕವುಚಿ ಹಾಕಿದ್ದ ನೆರಿಯದವರೇ ಮೊದಲು ಮರಳಿ ಬಂದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ರುಕ್ಮಯ್ಯನವರು ಮಾತ್ರ ಈ ಕಡೆ ತಲೆ ಹಾಕಲಿಲ್ಲ.

ಈ ಫೆಬ್ರವರಿಯ ಒಂದು ಬೆಳಿಗ್ಗೆ, ಈ ಲೇಖನಕ್ಕಾಗಿ ಮಾತು ನಡೆಯುತ್ತಿರುವಾಗಲೇ, ಮೆಟ್ಟಿಲಿನ ಮೇಲೆ ಭಾರವಾದ ಹೆಜ್ಜೆಯ ಸದ್ದು ಕೇಳುತ್ತದೆ. ನಿಝಾರ್ ಎದ್ದು ನಿಲ್ಲುತ್ತಾರೆ. ಬಂದವರು ರುಕ್ಮಯ್ಯನವರು. ಕೈಯಲ್ಲಿ ಎರಡು ಹೊಸ ಪೆಟ್ಟಿಗೆಗಳಿವೆ. ಬೆಳ್ತಂಗಡಿಯಲ್ಲಿ ಇನ್ನೊಂದು ಸ್ಟುಡಿಯೋ ತೆರೆಯುತ್ತಿದ್ದಾರಂತೆ. ನಿಝಾರ್ ಆತುರದಿಂದ ಗೋಡೆಯ ಸೀಲಿನ ವರದಿಯನ್ನು ತೋರಿಸುತ್ತಾರೆ: "ಈ ಎರಡರದ್ದೂ ಇಲ್ಲಿ ಉಂಟು ರುಕ್ಮಯ್ಯಣ್ಣ, ಪ್ರಿಂಟೇ ಉಂಟು."

ರುಕ್ಮಯ್ಯನವರು ಆ ಕಡೆ ನೋಡುವುದೂ ಇಲ್ಲ. ನೇರ ಒಳಗೆ ಹೋಗಿ ಎರಡೂ ಪೆಟ್ಟಿಗೆಗಳನ್ನು ಕಾಂತಿಯಕ್ಕನ ಮೇಜಿನ ಮೇಲೆ ಇಡುತ್ತಾರೆ. ವೋಲ್ಟ್ ಮೀಟರಿನ ಕಡೆ ಮುಖ ಮಾಡಿ, "ನೀನೇ ಹೇಳು ಮಾರಾಯ್ತಿ, ಯಾವುದು ಒಳ್ಳೆಯದು?" ಎನ್ನುತ್ತಾರೆ.

ಕಾಂತಿಯಕ್ಕ ಪೆಟ್ಟಿಗೆ ಮುಟ್ಟುವುದಿಲ್ಲ. "ಎಲ್ಲಿ ಇಡ್ತೀರಿ, ಅದನ್ನು ಮೊದಲು ಹೇಳಿ."

"ಈ ಸಲ ಮರದ ಕಪಾಟು ಅಲ್ಲ. ಕಬ್ಬಿಣದ್ದು. ಒಳ್ಳೆ ಗಟ್ಟಿ ಬೀಗ ಉಂಟು."

"ಬಲ್ಬು?"

ರುಕ್ಮಯ್ಯನವರು ಕಿಟಕಿಯ ಹೊರಗೆ ನೋಡುತ್ತಾರೆ. "ನೂರು ವ್ಯಾಟಿನದ್ದು."

ನಿಝಾರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಓಡುತ್ತಾರೆ. ಕಾಂತಿಯಕ್ಕ ನಗುವುದಿಲ್ಲ. ಎರಡೂ ಕಾರ್ಡುಗಳನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಎದ್ದು, ಸೆರಗು ಸರಿಪಡಿಸಿಕೊಂಡು ಹೇಳುತ್ತಾರೆ:

"ನಡೀರಿ, ಬೆಳ್ತಂಗಡಿಗೆ ಹೋಗುವ. ಆ ಕಪಾಟಿನ ಒಳಗೆ ಓಡಿಸಿ ನೋಡದೆ ನಾನು ಚೀಟಿ ಕೊಡುವುದಿಲ್ಲ."